ಊರುಗೋಲು ಹಿಡಿದು ಸುವಾರ್ತೆ ಸೇವೆ: ದಾವಣಗೆರೆ, ಚಿತ್ರದುರ್ಗ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹರಿಹರ, ಜಗಳೂರು, ಚಳ್ಳಕೆರೆ, ಹೊಳಲ್ಕೆರೆ ಕಡೆಯಿಂದ ಸುವಾರ್ತೆ ಸೇವೆ, ಅಂದರೆ ಊರೂರಿಗೆ ಹೋಗಿ ಯೇಸುವಿನ ಮಾತು ಸಾರುವ ಕೆಲಸದ ಬಗ್ಗೆ ಫೋನ್ ಮಾಡುವವರು ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಕೆಲವರಿಗೆ ಪೋಲಿಯೋ, ಕೆಲವರಿಗೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು, ಇನ್ನು ಕೆಲವರಿಗೆ ಸಕ್ಕರೆ ಕಾಯಿಲೆಯಿಂದ ಕಾಲು ಹೋಗಿದೆ. ನನಗೂ ಪೋಲಿಯೋ. ಎಡಗಾಲಿಗೆ ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ ಚೌಕಟ್ಟು), ಕಂಕುಳಲ್ಲಿ ಊರುಗೋಲು. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಕಾಲಿನ ಮಾತೇ ಜಾಸ್ತಿ ಇರುತ್ತದೆ. ಕಣ್ಣು, ಕಿವಿಯ ವಿಷಯ ಕಡಿಮೆ.

ನನ್ನ ಕಾಲು ಸ್ವಾಧೀನದಲ್ಲಿಲ್ಲ. ಸೇವೆಗೆ ಬರಬಹುದಾ?

ಬರಬಹುದು. ಇದೇನು ಹೊಸದಲ್ಲ. ಸ್ಕಾಟ್ಲೆಂಡಿನ ಜಾರ್ಜ್ ಸ್ಟಾಟ್ ಎಂಬ ಮೇಷ್ಟ್ರಿಗೆ ಒಂದೇ ಕಾಲು. ಅವರು 1866ರಲ್ಲಿ ಚೀನಾ ಮುಟ್ಟಿದರು, ಮರುವರ್ಷ ವೆನ್‌ಝೌ ಎಂಬ ಊರಿನಲ್ಲಿ ನೆಲೆ ನಿಂತರು. ಒಂದು ಕಾಲಿಟ್ಟುಕೊಂಡು ಅಷ್ಟು ದೂರ ಯಾಕೆ ಹೋಗ್ತೀರಿ ಅಂತ ಕೇಳಿದವರಿಗೆ, ಎರಡು ಕಾಲಿದ್ದವರು ಹೊರಡೋದು ಕಾಣ್ತಿಲ್ಲವಲ್ಲ, ಅದಕ್ಕೇ ನಾನು ಹೊರಟೆ ಅನ್ನೋ ಅರ್ಥದ ಉತ್ತರ ಕೊಟ್ಟರಂತೆ.

ಅಷ್ಟು ದೂರ ಯಾಕೆ, ವೆಲ್ಲೂರಿಗೇ ಬನ್ನಿ. ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಮೇರಿ ವರ್ಗೀಸ್ ಅವರಿಗೆ 1954ರ ಕಾರು ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಮೇಲೆ ಅವರು ವೀಲ್‌ಚೇರ್‌ನಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡಿದರು. ಅಲ್ಲಿನ ಪುನರ್ವಸತಿ ವಿಭಾಗ ಕಟ್ಟಿದ್ದು ಅವರೇ. 1972ರಲ್ಲಿ ಪದ್ಮಶ್ರೀ ಬಂತು.

ಆದರೆ ಇಂಥ ಹೆಸರು ಹೇಳಿ ಯಾರನ್ನೂ ಹುರಿದುಂಬಿಸೋಕೆ ನನಗೆ ಇಷ್ಟವಿಲ್ಲ. ಅವರ ಬೆನ್ನಿಗೆ ಒಂದು ದೊಡ್ಡ ಆಸ್ಪತ್ರೆಯೋ ಸಂಸ್ಥೆಯೋ ಇತ್ತು. ನಮ್ಮ ಹಳ್ಳಿ ಸುವಾರ್ತಿಕರ ಬೆನ್ನಿಗೆ ಇರೋದು ಬೆರಳೆಣಿಕೆಯ ಮನೆಗಳ ಒಂದು ಚರ್ಚ್ ಸಭೆ. ದೇವರು ಕರೆದಿದ್ದಾನಾ ಅಂತ ಪ್ರಾರ್ಥನೆಯಲ್ಲಿ ಕೇಳಿಕೊಳ್ಳಿ. ಅದರ ಜೊತೆಗೆ ಆ ಊರಿಗೆ ಬಸ್ ಎಷ್ಟು ಗಂಟೆಗೆ, ಬಸ್‌ಸ್ಟ್ಯಾಂಡಿನಿಂದ ಎಷ್ಟು ದೂರ, ಕೂರೋಕೆ ಏನಿದೆ ಅನ್ನೋದನ್ನೂ ಕೇಳಿ. ಸೇವೆ ಬಿಟ್ಟು ಹೋದ ನಮ್ಮಂಥವರಲ್ಲಿ ಹೆಚ್ಚಿನವರು ಸೋತಿದ್ದು ಈ ಎರಡನೇ ಪ್ರಶ್ನೆಗೇ.

ಬೈಬಲಿನ ಯಾಜಕಕಾಂಡದಲ್ಲಿ ಕುಂಟರು ಬಲಿಪೀಠದ ಹತ್ತಿರ ಬರಬಾರದು ಅಂತ ಇದೆಯಲ್ಲ?

21ನೇ ಅಧ್ಯಾಯದಲ್ಲಿದೆ. ಅದು ಆರೋನನ ವಂಶದ ಯಾಜಕರಿಗೆ, ಬಲಿ ಅರ್ಪಿಸುವ ಒಂದು ಕೆಲಸಕ್ಕೆ ಹೇಳಿದ ಮಾತು. ಅದೇ ಅಧ್ಯಾಯದಲ್ಲಿ ಅಂಥವನು ಮಹಾಪರಿಶುದ್ಧ ಆಹಾರವನ್ನೂ ಊಟ ಮಾಡಬಹುದು ಅಂತಲೂ ಇದೆ. ಮೊದಲ ವಚನ ಓದಿ ನಿಲ್ಲಿಸುವವರು ಇದನ್ನು ಓದುವುದಿಲ್ಲ. ಮಾತು ತೊದಲುತ್ತದೆ ಎಂದ ಮೋಶೆಯನ್ನು ಫರೋಹನ ಮುಂದೆ ಕಳಿಸಿದ್ದೂ ಅದೇ ದೇವರು. ಅಪೊಸ್ತಲ ಪೌಲ ಗಲಾತ್ಯದವರಿಗೆ ಬರೆದ ಪತ್ರದ 4ನೇ ಅಧ್ಯಾಯ ತೆಗೆದು ನೋಡಿ: ತಾನು ಮೊದಲ ಸಲ ಅವರಿಗೆ ಸುವಾರ್ತೆ ಸಾರಿದ್ದೇ ದೇಹದ ಅಸ್ವಸ್ಥತೆಯ ಕಾರಣದಿಂದ ಅನ್ನುತ್ತಾನೆ.

ಕ್ಯಾಥೋಲಿಕರಲ್ಲಿ ಫಾದರ್ ಆಗೋಕೆ 1917ರ ಚರ್ಚ್ ಕಾನೂನಿನ ಸಂಹಿತೆಯಲ್ಲಿ ದೇಹದ ಊನ ಒಂದು ಅಡ್ಡಿಯಾಗಿತ್ತು. 1983ರ ಸಂಹಿತೆಯಲ್ಲಿ ಆ ಅಡ್ಡಿಯನ್ನು ತೆಗೆದುಹಾಕಿದರು. ಈಗ ಬಿಷಪ್ಪರು ಒಬ್ಬೊಬ್ಬರನ್ನೂ ನೋಡಿ ತೀರ್ಮಾನಿಸುತ್ತಾರೆ. ನಮ್ಮ ಎರಡೂ ಜಿಲ್ಲೆ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರುತ್ತವೆ, ವಿಚಾರಿಸುವವರು ಅಲ್ಲಿಗೆ ಹೋಗಬೇಕು.

ಹಳ್ಳಿಗೆ ಹೋದರೆ, "ನಿನ್ನ ದೇವರು ನಿನ್ನ ಕಾಲೇ ಸರಿಮಾಡಿಲ್ಲ, ನಮಗೇನು ಮಾಡ್ತಾನೆ" ಅಂತಾರೆ. ಏನು ಹೇಳಲಿ?

ಕೇಳೇ ಕೇಳುತ್ತಾರೆ. ಕೇಳದಿದ್ದರೆ ಮನಸ್ಸಲ್ಲಿ ಇಟ್ಟುಕೊಂಡಿದ್ದಾರೆ ಅಂತ ಅರ್ಥ. ಬಾಯಿಬಿಟ್ಟು ಕೇಳಿದವರೇ ವಾಸಿ.

ಜಗಳೂರು ತಾಲ್ಲೂಕಿನ ಒಂದು ಊರಲ್ಲಿ ಅಂಗಡಿ ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು ಹೀಗೇ ಕೇಳಿದರು. "ಇಲ್ಲ ಯಜಮಾನ್ರೇ, ಸರಿಮಾಡಿಲ್ಲ" ಅಂದೆ. ಅಷ್ಟೇ. ಅವರು ಇನ್ನೇನೋ ವಾದ ಬರುತ್ತದೆ ಅಂತ ಕಾಯುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಮತ್ತೆ ಯಾಕಪ್ಪಾ ಹಿಂಗೆ ಬಿಸ್ಲಲ್ಲಿ ಓಡಾಡ್ತಿ?" ಅಂತ ಅವರೇ ಕೇಳಿದರು. ಮಾತು ಶುರುವಾಗಿದ್ದು ಆಗ.

ನನ್ನ ಅನುಭವದಲ್ಲಿ ಎರಡು ಉತ್ತರ ಕೆಲಸಕ್ಕೆ ಬರಲ್ಲ. ಒಂದು, "ಮುಂದೆ ವಾಸಿಮಾಡ್ತಾನೆ ನೋಡ್ತಿರಿ" ಅನ್ನೋದು. ಅದು ಸುಮ್ನೆ ಪಂಥ ಕಟ್ಟಿದ ಹಾಗೆ. ಇನ್ನೊಂದು, "ಇದೆಲ್ಲ ದೇವರ ಚಿತ್ತ" ಅಂತ ಮುಖ ಸಪ್ಪೆ ಮಾಡಿಕೊಳ್ಳೋದು. ಹಳ್ಳಿಯವರಿಗೆ ಹಣೆಬರಹದ ಮಾತು ನಮಗಿಂತ ಚೆನ್ನಾಗಿ ಗೊತ್ತು, ಅದನ್ನು ಹೇಳೋಕೆ ನಾವೇ ಹೋಗಬೇಕಾಗಿಲ್ಲ.

ಕರ್ಮ, ಪಾಪದ ಫಲ ಅನ್ನೋ ಮಾತು ಬಂದರೆ ಯೋಹಾನ 9ನೇ ಅಧ್ಯಾಯ ಇದೆ. ಹುಟ್ಟುಕುರುಡನನ್ನು ನೋಡಿ ಇವನು ಪಾಪ ಮಾಡಿದನೋ ಇವನ ಅಪ್ಪ ಅಮ್ಮ ಮಾಡಿದರೋ ಅಂತ ಕೇಳಿದ್ದು ಹೊರಗಿನವರಲ್ಲ, ಯೇಸುವಿನ ಶಿಷ್ಯರೇ. ಯಾರೂ ಅಲ್ಲ ಅಂದ ಯೇಸು. ಅಂಗವಿಕಲ ಮಕ್ಕಳಿರುವ ತಾಯಂದಿರಿಗೆ ಈ ಭಾಗವನ್ನು ಓದಿ ಹೇಳಿದಾಗ ಅವರ ಮುಖ ನೋಡಿ. ಊರೆಲ್ಲ ಅವರನ್ನು ಅದೇ ಪ್ರಶ್ನೆ ಕೇಳಿರುತ್ತದೆ.

ಸಭೆಯಲ್ಲೇ ಪ್ರತಿ ಸಲ ನನ್ನ ಕಾಲ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡ್ತಾರೆ. ಬೇಡ ಅಂದರೆ ವಿಶ್ವಾಸ ಇಲ್ಲ ಅಂತಾರೆ.

ಬೇಡ ಅನ್ನಿ. ನಗುತ್ತಲೇ ಅನ್ನಿ. "ಅಣ್ಣಾ, ಪ್ರಾರ್ಥನೆ ಮಾಡಿ, ಆದರೆ ನನ್ನ ಭುಜನೋವಿಗೆ ಮಾಡಿ, ಕಾಲಿಗೆ ಬೇಡ" ಅಂತ ನಾನು ಹೇಳುತ್ತೇನೆ. ಪೌಲ ತನ್ನ ಶರೀರದ ಮುಳ್ಳು ತೆಗೆ ಅಂತ ಮೂರು ಸಲ ಬೇಡಿಕೊಂಡ. ಕೃಪೆಯೇ ನಿನಗೆ ಸಾಕು ಅನ್ನೋ ಉತ್ತರ ಬಂದ ಮೇಲೆ ಸುಮ್ಮನಾದ. ಅವನ ವಿಶ್ವಾಸ ಕಡಿಮೆ ಅಂತ ಯಾರೂ ಹೇಳಲ್ಲ, ಅಲ್ವಾ?

ಕ್ಯಾಲಿಪರ್ ಬಿಚ್ಚಿಸಿ ನಡೆಸಿ ನೋಡುವ ಕೂಟಗಳಿಗೆ ಮಾತ್ರ ದಯವಿಟ್ಟು ಹೋಗಬೇಡಿ. ವೇದಿಕೆ ಮೇಲೆ ಬಿದ್ದು ತೊಡೆಮೂಳೆ ಮುರಿದುಕೊಂಡರೆ ಆಸ್ಪತ್ರೆಗೆ ಕರೆದೊಯ್ಯುವವರು ನಿಮ್ಮ ಮನೆಯವರೇ. ಪೋಲಿಯೋ ಕಾಲಿನ ಮೂಳೆ ಮೊದಲೇ ತೆಳ್ಳಗಿರುತ್ತದೆ. ಮಾತ್ರೆ, ಇನ್ಸುಲಿನ್ ನಿಲ್ಲಿಸಿ ಎಂದು ಹೇಳುವವರ ಹತ್ತಿರವೂ ಸುಳಿಯಬೇಡಿ.

ದೊಡ್ಡ ಕೂಟಗಳಲ್ಲಿ ನನ್ನನ್ನು ಸಾಕ್ಷಿ (ನನ್ನ ಬದುಕಿನ ಅನುಭವ) ಹೇಳೋಕೆ ಕರೀತಾರೆ. ವಾಕ್ಯ ಹೇಳೋಕೆ, ಅಂದರೆ ಬೈಬಲ್ ವಿವರಿಸಿ ಸಂದೇಶ ಕೊಡೋಕೆ, ಕರೆಯಲ್ಲ.

ಇದು ನಮ್ಮೆಲ್ಲರ ದೂರು. ವೀಲ್‌ಚೇರ್ ವೇದಿಕೆಗೆ ಹತ್ತಿಸುತ್ತಾರೆ, ವಿಡಿಯೋ ತೆಗೆಯುತ್ತಾರೆ, ಜನ ಕಣ್ಣೀರು ಹಾಕುತ್ತಾರೆ, ಕಾಣಿಕೆ ಚೀಲ ಸುತ್ತು ಬರುತ್ತದೆ. ಆಮೇಲೆ ಸಂದೇಶಕ್ಕೆ ಬೇರೆಯವರು. ಕರೆದಾಗಲೇ ಕೇಳಿ: "ನನಗೆ ಯಾವ ವಚನಭಾಗ ಕೊಟ್ಟಿದ್ದೀರಿ?" ಉತ್ತರ ತಡವರಿಸಿದರೆ ಹೋಗೋದು ಬೇಡ. ನಮ್ಮ ಕಾಲು ಯಾರ ಕಾಣಿಕೆ ಚೀಲಕ್ಕೂ ಅಲ್ಲ. ನಮ್ಮದಕ್ಕೂ ಅಲ್ಲ.

ಹಳ್ಳಿ ಮನೆಗಳಿಗೆ ಹೋದಾಗ ಚಪ್ಪಲಿ ಬಿಡೋಕಾಗಲ್ಲ. ಬೂಟು ಕ್ಯಾಲಿಪರ್‌ಗೇ ಸೇರಿದೆ. ಏನು ಮಾಡಬೇಕು?

ಯಾವ ಬೈಬಲ್ ಕಾಲೇಜಲ್ಲೂ ಇದನ್ನು ಹೇಳಿಕೊಡಲ್ಲ, ಆದರೆ ಮನೆಭೇಟಿಯಲ್ಲಿ ಎಲ್ಲಕ್ಕಿಂತ ಮೊದಲು ಬರುವ ಸಮಸ್ಯೆ ಇದೇ. ಸಗಣಿ ಸಾರಿಸಿದ ನೆಲ, ಒಳಗೆ ದೇವರ ಜಗಲಿ, ಹೊಸ್ತಿಲಿಗೆ ಅರಿಶಿನ ಕುಂಕುಮ. ಅದರ ಮೇಲೆ ಬೂಟುಗಾಲು ಇಟ್ಟರೆ ಮುಂದೆ ನೀವು ಏನು ಹೇಳಿದರೂ ಕೇಳಿಸಲ್ಲ.

ನಾನು ಸಾಮಾನ್ಯವಾಗಿ ಒಳಗೆ ಹೋಗಲ್ಲ. ಹೊರಗಿನ ಕಟ್ಟೆ ಮೇಲೇ ಕೂರುತ್ತೇನೆ. ಅದರಲ್ಲಿ ಇನ್ನೊಂದು ಅನುಕೂಲವೂ ಇದೆ: ಮಾತು ಬೀದಿಯ ಎದುರಿಗೇ ನಡೆಯುತ್ತದೆ, ಒಳಗೆ ಏನೋ ನಡೀತಿದೆ ಅಂತ ಯಾರಿಗೂ ಅನುಮಾನ ಬರಲ್ಲ. ಮನೆಯವರು ಬಲವಂತ ಮಾಡಿದರೆ, ಚೀಲದಲ್ಲಿ ಇಟ್ಟುಕೊಂಡಿರುವ ದಪ್ಪ ಬಟ್ಟೆಯ ಗವಸನ್ನು ಬೂಟಿಗೆ ಹಾಕಿ ಲಾಡಿ ಕಟ್ಟಿಕೊಳ್ಳುತ್ತೇನೆ. ಹಳೇ ಪ್ಯಾಂಟಿನ ಕಾಲಿನಿಂದ ದರ್ಜಿ ಹೊಲಿದುಕೊಟ್ಟಿದ್ದು. ಅದನ್ನು ಕಟ್ಟೋದು ನೋಡುತ್ತಿದ್ದ ಒಬ್ಬ ಅಜ್ಜಿ, "ಇರ್ಲಿ ಬಿಡಪ್ಪಾ, ಹಂಗೇ ಹಾಕ್ಕಂಡು ಬಾ" ಅಂದರು. ಆದರೂ ಕಟ್ಟಿಕೊಂಡೇ ಹೋದೆ. ಅಜ್ಜಿ ಪರವಾಗಿಲ್ಲ ಅಂದರೂ ಸೊಸೆಗೆ ಪರವಾಗಿರಬಹುದು.

ಊರುಗೋಲಿನ ತುದಿಯ ರಬ್ಬರ್ ಬುಷ್ ಒರೆಸೋಕೆ ಒಂದು ಬಟ್ಟೆ ಬೇಕು. ಬುಷ್ ಸವೆದಿದ್ದರೆ ರೆಡ್‌ಆಕ್ಸೈಡ್ ನೆಲದ ಮೇಲೆ, ಅದರಲ್ಲೂ ಈಗಷ್ಟೇ ಒರೆಸಿದ್ದರೆ, ಜಾರೋದು ಗ್ಯಾರಂಟಿ. ಒಂದು ಜೊತೆ ಬುಷ್ ಯಾವಾಗಲೂ ಚೀಲದಲ್ಲಿರಲಿ.

ಚಾಪೆ ಹಾಸಿದರೆ ಕೂರಲು ಕಷ್ಟ, ಕುರ್ಚಿ ಕೇಳಲು ಸಂಕೋಚ. ಎಲ್ಲರೂ ಕೆಳಗೆ ಕೂತಿರುವಾಗ ನಾವೊಬ್ಬರೇ ಕುರ್ಚಿ ಮೇಲೆ ಕೂತರೆ ದೊಡ್ಡಸ್ತಿಕೆ ತೋರಿಸಿದಂತೆ ಕಾಣುತ್ತದೆ. "ಕಾಲು ಮಡಚೋಕಾಗಲ್ಲಮ್ಮಾ, ತಪ್ಪು ತಿಳ್ಕೋಬೇಡಿ" ಅಂತ ಮೊದಲೇ ಒಂದು ಮಾತು ಹೇಳಿಬಿಟ್ಟರೆ ಮುಗಿಯಿತು.

ಓಡಾಟ ಹೇಗೆ ಮಾಡ್ತೀರಿ?

ಸರ್ಕಾರಿ ಬಸ್ಸಿಗೆ ಅಂಗವಿಕಲರ ರಿಯಾಯಿತಿ ಪಾಸ್ ಇದೆ, ಮನೆಯಿಂದ 100 ಕಿಲೋಮೀಟರ್ ಒಳಗೆ ನಡೆಯುತ್ತದೆ. ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿಲೋಮೀಟರ್, ಅಷ್ಟಕ್ಕೆ ತೊಂದರೆ ಇಲ್ಲ. ಆದರೆ ನಮ್ಮ ಕಡೆ ಎಷ್ಟೋ ಹಳ್ಳಿಗೆ ಓಡೋದು ಪ್ರೈವೇಟ್ ಬಸ್, ಅಲ್ಲಿ ಈ ಪಾಸ್ ಲೆಕ್ಕಕ್ಕಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿರುವುದರಿಂದ ಅಕ್ಕತಂಗಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಚಿಂತೆ ಇಲ್ಲ.

ರೈಲಲ್ಲಿ, ಜೊತೆಗೊಬ್ಬರಿಲ್ಲದೆ ಓಡಾಡಲಾಗದ ಅಂಗವಿಕಲರಿಗೆ ಸ್ಲೀಪರ್, 3ಎಸಿಯಲ್ಲಿ ಶೇ 75 ರಿಯಾಯಿತಿ. ಜೊತೆಗೆ ಬರುವವರಿಗೂ ಅಷ್ಟೇ. ಇದಕ್ಕೆ ರೈಲ್ವೆಯ ಗುರುತಿನ ಚೀಟಿ ಬೇಕು, ನಮ್ಮದು ಮೈಸೂರು ವಿಭಾಗ. ಚಿತ್ರದುರ್ಗದವರು ಚಿಕ್ಕಜಾಜೂರಿನಲ್ಲಿ ಗಾಡಿ ಬದಲಿಸಬೇಕಾಗಿ ಬಂದರೆ ಸಮಯ ಇಟ್ಟುಕೊಂಡು ಹೊರಡಿ.

ನಿಜ ಹೇಳಬೇಕೆಂದರೆ, ಹಿಂದೆ ಎರಡು ಗಾಲಿ ಸೇರಿಸಿದ ಸ್ಕೂಟರ್ ಬಂದ ಮೇಲೇ ನಮ್ಮ ಸೇವೆಗೆ ಕಾಲು ಬಂದಿದ್ದು. ವಿಕಲಚೇತನರ ಇಲಾಖೆಯಿಂದ ಇದನ್ನು ಕೊಡುವ ಯೋಜನೆ ಇದೆ, ಪ್ರತಿ ವರ್ಷ ಅರ್ಜಿ ಕರೆಯುವಾಗ ಕಣ್ಣಿಟ್ಟಿರಿ. ಕೈಯಿಂದ ದುಡ್ಡು ಹಾಕಿ ಗಾಲಿ ಸೇರಿಸಿದರೆ ಆರ್‌ಟಿಓದಲ್ಲಿ ಆರ್‌ಸಿ ಪುಸ್ತಕಕ್ಕೆ ಬರೆಸಿ, ಇಲ್ಲದಿದ್ದರೆ ಅಪಘಾತವಾದಾಗ ವಿಮೆಯವರು ತಕರಾರು ತೆಗೆಯುತ್ತಾರೆ. ಒಂದು ಕಿವಿಮಾತು: ಸ್ಕೂಟರ್ ಮೇಲೆ ಬೈಬಲ್ ವಚನ ಬರೆಸಬೇಡಿ. ಸ್ಕೂಟರ್ ಯಾರ ಮನೆ ಮುಂದೆ ನಿಂತಿದೆಯೋ ಆ ಮನೆಯವರಿಗೆ ಊರಲ್ಲಿ ತೊಂದರೆ.

ಯಾವ ದಾಖಲೆ ಮೊದಲು ಮಾಡಿಸಬೇಕು?

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಅದಿಲ್ಲದೆ ಮುಂದಿನ ಯಾವ ಬಾಗಿಲೂ ತೆರೆಯಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇವೆ, ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಇರಬೇಕು. ಅರ್ಜಿ ಹಾಕೋಕೆ ಗೊತ್ತಾಗದಿದ್ದರೆ ಗ್ರಾಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಒಬ್ಬರು ಇರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರೂ ಅಂಗವಿಕಲರೇ ಆಗಿರುತ್ತಾರೆ, ನಮ್ಮ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾಲಿಪರ್, ಕೃತಕ ಕಾಲು, ಫಿಸಿಯೋಥೆರಪಿಗೆ ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಪುನರ್ವಸತಿ ಕೇಂದ್ರವಾದ ಸಿಆರ್‌ಸಿ ಇದೆ. ಬೆಂಗಳೂರಿಗೆ ಹೋಗುವ ಮೊದಲು ಅಲ್ಲಿ ಕೇಳಿ.

ಬೇಸಿಗೆಯಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಸೇವೆ ಮಾಡೋಕಾಗುತ್ತಾ?

ಪೋಲಿಯೋದವರಿಗೆ ಆಗುತ್ತದೆ, ಬೆಳಗ್ಗೆ ಹತ್ತರೊಳಗೆ ಮತ್ತು ಸಂಜೆ. ಶೇಂಗಾ ಕೀಳುವ ಕಾಲದಲ್ಲಂತೂ ಹಗಲು ಯಾರೂ ಮನೆಯಲ್ಲಿ ಸಿಗಲ್ಲ, ಹೋಗಿಯೂ ಪ್ರಯೋಜನವಿಲ್ಲ.

ಬೆನ್ನುಹುರಿ ಪೆಟ್ಟಾದವರ ವಿಷಯ ಬೇರೆ. ಎದೆಮಟ್ಟದಲ್ಲೋ ಕತ್ತಿನಲ್ಲೋ ಪೆಟ್ಟಾಗಿದ್ದರೆ ಅದರ ಕೆಳಗೆ ಮೈ ಸರಿಯಾಗಿ ಬೆವರಲ್ಲ, ಒಳಗೇ ಕಾವೇರುತ್ತದೆ. ಒದ್ದೆ ಟವಲ್, ನೀರು ಚಿಮುಕಿಸುವ ಬಾಟಲಿ ಇಲ್ಲದೆ ಏಪ್ರಿಲ್‌ನಲ್ಲಿ ಹೊರಡಬೇಡಿ. ಕೂತಲ್ಲೇ ಕೂತರೆ ಹುಣ್ಣು. ಕಾಲು ಗಂಟೆಗೊಮ್ಮೆ ಎರಡೂ ಕೈ ಊರಿ ಸೊಂಟ ಎತ್ತಬೇಕು, ಪ್ರಾರ್ಥನೆ ನಡುವೆಯಾದರೂ ಸರಿ. ಬಸ್ಸಿನ ಸೀಟಿನ ಮೇಲೂ ನಿಮ್ಮ ಕುಶನ್ ಹಾಕಿಕೊಂಡೇ ಕೂರಿ. ಸ್ಪರ್ಶ ಇಲ್ಲದ ಜಾಗದಲ್ಲಿ ಹುಣ್ಣಾದರೆ ಗೊತ್ತೇ ಆಗಲ್ಲ, ರಾತ್ರಿ ಕನ್ನಡಿ ಹಿಡಿದು ನೋಡಬೇಕು. ಒಂದು ಹುಣ್ಣು ತಿಂಗಳುಗಟ್ಟಲೆ ಮಲಗಿಸಿಬಿಡುತ್ತದೆ.

ಶೌಚಾಲಯಕ್ಕೆ ತೊಂದರೆ ಅಂತ ನೀರು ಕುಡಿಯದೆ ಹೋಗುವವರು ಬಹಳ. ಅದರಿಂದ ಮೂತ್ರದ ಸೋಂಕು. ಕ್ಯಾಥೆಟರ್ (ಮೂತ್ರ ತೆಗೆಯುವ ಕೊಳವೆ) ಹಾಕಿಕೊಳ್ಳುವವರು ನಾಲ್ಕರಿಂದ ಆರು ಗಂಟೆಯೊಳಗೆ ವಾಪಸ್ ಬರುವಷ್ಟು ದೂರದ ಊರನ್ನೇ ಆರಿಸಿಕೊಳ್ಳಿ. ಹತ್ತು ಊರು ಬೇಡ, ಎರಡು ಸಾಕು.

ಕಾನೂನಿನ ತೊಂದರೆ ಏನಾದರೂ ಇದೆಯಾ?

ಇದೆ, ತಿಳಿದುಕೊಂಡೇ ಹೋಗಿ. ಸಂವಿಧಾನದ 25ನೇ ವಿಧಿ ನಂಬಿಕೆ ಸಾರುವ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರ ಮಾಡುವುದು ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಲವಂತ, ವಂಚನೆ, ಆಮಿಷದಿಂದ ಮತಾಂತರ ಮಾಡುವುದನ್ನು ಅಪರಾಧ ಅನ್ನುತ್ತದೆ. ಶಿಕ್ಷೆ 3ರಿಂದ 5 ವರ್ಷ. ಹೆಂಗಸರು, ಅಪ್ರಾಪ್ತರು, ಪರಿಶಿಷ್ಟರು, ಬುದ್ಧಿ ಸ್ಥಿಮಿತ ಇಲ್ಲದವರ ವಿಷಯದಲ್ಲಿ 10 ವರ್ಷದವರೆಗೂ ಹೋಗುತ್ತದೆ. ಮತ ಬದಲಿಸುವವರೂ ಬದಲಾಯಿಸಿಕೊಡುವವರೂ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ಇದನ್ನು ರದ್ದು ಮಾಡುವುದಾಗಿ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕಾಯ್ದೆ ಹೋಗಲ್ಲ, ಇವತ್ತಿನ ಸ್ಥಿತಿಯನ್ನು ವಕೀಲರ ಹತ್ತಿರ ಕೇಳಿ.

ಆಮಿಷ ಅನ್ನೋದರೊಳಗೆ ಉಡುಗೊರೆ, ಹಣ, ಕೆಲಸ, ಉಚಿತ ಶಿಕ್ಷಣ, ದೇವರ ಕೋಪದ ಬೆದರಿಕೆ ಎಲ್ಲ ಬರುತ್ತವೆ. ಬೇರೆಯವರ ದೇವರನ್ನು ಹೀಯಾಳಿಸುವುದಂತೂ ಕಾನೂನು ಇರಲಿ ಬಿಡಲಿ, ಬೇಡ.

ಹಾಗಾದರೆ ಅಂಗವಿಕಲರಿಗೆ ವೀಲ್‌ಚೇರ್ ಹಂಚಿ ಸುವಾರ್ತೆ ಹೇಳಬಹುದಾ?

ಎರಡನ್ನೂ ಒಂದೇ ದಿನ, ಒಂದೇ ವೇದಿಕೆಯಲ್ಲಿ ಮಾಡಬೇಡಿ. ಕಾನೂನಿಗಿಂತ ಮೊದಲು ಇದು ಮರ್ಯಾದೆಯ ಪ್ರಶ್ನೆ. ಕಾಲಿಲ್ಲದವನಿಗೆ ವೀಲ್‌ಚೇರ್ ಮುಂದಿಟ್ಟು ನಂಬ್ತೀಯಾ ಅಂತ ಕೇಳಿದರೆ ಅವನು ಏನಂದಾನು? ಆ ಕುರ್ಚಿಗಾಗಿ ಹೂಂ ಅಂದವರನ್ನು ನಾನು ನೋಡಿದ್ದೇನೆ. ಅವರ ಮೇಲೆ ನನಗೆ ಒಂದು ಚೂರೂ ಬೇಜಾರಿಲ್ಲ.

ಇನ್ನೊಂದು ವಿಷಯ. ಚಪ್ಪಲಿಗೆ ಇದ್ದ ಹಾಗೆ ವೀಲ್‌ಚೇರ್‌ಗೂ ಅಳತೆ ಇರುತ್ತದೆ. ದೊಡ್ಡವರ ಕುರ್ಚಿಯಲ್ಲಿ ಮಗುವನ್ನು ಕೂರಿಸಿದರೆ ಬೆನ್ನು ಸೊಟ್ಟಗಾಗುತ್ತದೆ. ಹಂಚುವ ಬದಲು, ಅರ್ಜಿ ಬರೆದುಕೊಡಿ, ಸಿಆರ್‌ಸಿಗೆ ಕರೆದುಕೊಂಡು ಹೋಗಿ ಅಳತೆ ಕೊಡಿಸಿ. ಯಾವ ಧರ್ಮದವರಾದರೂ ಸರಿ. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ 13 ಲಕ್ಷಕ್ಕೂ ಮೇಲೆ ಅಂಗವಿಕಲರಿದ್ದರು. ಅರ್ಜಿ ಬರೆಯಬಲ್ಲ ಒಬ್ಬ ಮನುಷ್ಯ ಊರಿಗೆ ಎಷ್ಟು ಬೇಕಾದವನು ಅನ್ನೋದು ಹೋದ ಮೇಲೆ ಗೊತ್ತಾಗುತ್ತದೆ.

ಜೀವನಕ್ಕೆ ಏನು ದಾರಿ?

ಕೈಯಲ್ಲಿ ಒಂದು ಕಸುಬು ಇರಲಿ. ಹೊಲಿಗೆ, ಮೊಬೈಲ್ ರಿಪೇರಿ, ಜೆರಾಕ್ಸ್ ಅಂಗಡಿ, ಟ್ಯೂಷನ್, ಏನಾದರೂ. ಪೌಲನೂ ಡೇರೆ ಹೊಲಿಯುತ್ತಿದ್ದ. ಹೊರದೇಶದ ಪರಿಚಯದವರು ಸೇವೆಗೆ ಅಂತ ದುಡ್ಡು ಕಳಿಸ್ತೀವಿ ಅಂದರೆ ಹೂಂ ಅನ್ನೋ ಮೊದಲು ಯೋಚಿಸಿ. ಧಾರ್ಮಿಕ ಕೆಲಸಕ್ಕೆ ವಿದೇಶಿ ಹಣ ಪಡೆಯೋಕೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು, ನಿಮ್ಮ ಸ್ವಂತ ಉಳಿತಾಯ ಖಾತೆಗೆ ಹಾಕಿಸಿಕೊಳ್ಳುವಂತಿಲ್ಲ.

ಕಣ್ಣು ಕಾಣದವರು ಸೇವೆ ಮಾಡಬಹುದಾ?

ಯಾಕಾಗಲ್ಲ? ಕನ್ನಡ ಬೈಬಲ್ ಆಡಿಯೋ ಮೊಬೈಲಲ್ಲಿ ಉಚಿತವಾಗಿ ಸಿಗುತ್ತದೆ, ಬ್ರೈಲ್ ಸಂಪುಟ ಹೊರುವ ಗೋಜಿಲ್ಲ. ನನಗಿಂತ ಅವರಿಗೇ ವಚನ ಜಾಸ್ತಿ ಬಾಯಿಪಾಠ ಇರುತ್ತದೆ. ಕಿವಿ ಕೇಳದವರ ನಡುವೆ ಸೇವೆ ಮಾಡಬೇಕೆಂದಿದ್ದರೆ ಸನ್ನೆಭಾಷೆ ಕಲಿಯದೆ ದಾರಿಯಿಲ್ಲ. ಅದಕ್ಕೆ ಕಿವಿ ಕೇಳದವರೇ ಒಳ್ಳೆಯ ಸುವಾರ್ತಿಕರು.

ನಮ್ಮ ಚರ್ಚ್ ಏನು ಮಾಡಬೇಕು?

ಇಳಿಜಾರು ಕಟ್ಟಿಸಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಪಕ್ಕಕ್ಕೆ ಕೈಹಿಡಿ. 2016ರ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡ ಅಂದರೆ ಧಾರ್ಮಿಕ ಕೆಲಸಕ್ಕೆ ಬಳಸುವ ಕಟ್ಟಡವೂ ಸೇರುತ್ತದೆ. "ನಾಲ್ಕು ಜನ ಸೇರಿ ಎತ್ಕೊಂಡು ಬರ್ತೀವಲ್ಲ ಬ್ರದರ್, ಬೈಬಲಲ್ಲೂ ಹಂಗೇ ಇದೆ" ಅನ್ನುತ್ತಾರೆ. ಇದೆ, ಮಾರ್ಕ 2ರಲ್ಲಿ. ಆದರೆ ಆ ಮನುಷ್ಯ ವಾಪಸ್ ಹೋಗುವಾಗ ಹಾಸಿಗೆಯನ್ನು ತಾನೇ ಹೊತ್ತುಕೊಂಡು ಹೋದ. ನಮ್ಮನ್ನು ಪ್ರತಿ ಭಾನುವಾರ ಎತ್ತಬೇಕು, ಇಳಿಸಬೇಕು. ಮೈಕ್ ಸೆಟ್ಟಿಗೆ ಹಾಕುವ ದುಡ್ಡಲ್ಲಿ ಇಳಿಜಾರು ಆಗುತ್ತದೆ. ಪ್ರಸಂಗಪೀಠಕ್ಕೂ ಒಂದು ಮಾಡಿಸಿ, ಮರೆಯಬೇಡಿ.

ವಯಸ್ಸಾದ ಹಾಗೆ ಶಕ್ತಿ ಕುಂದುತ್ತಿದೆ. ಯಾವಾಗ ನಿಲ್ಲಿಸಬೇಕು?

ಪೋಲಿಯೋ ಬಂದು ಹಲವು ದಶಕ ಆದ ಮೇಲೆ ಚೆನ್ನಾಗಿದ್ದ ಸ್ನಾಯುಗಳೂ ಸೋಲುತ್ತವೆ, ಸುಸ್ತು ಜಾಸ್ತಿಯಾಗುತ್ತದೆ. ವೈದ್ಯರು ಇದನ್ನು ಪೋಸ್ಟ್ ಪೋಲಿಯೋ ಅನ್ನುತ್ತಾರೆ. ಹಠ ಹಿಡಿದು ನಡೆದರೆ ಇನ್ನೂ ಬೇಗ ಸೋಲುತ್ತವೆ. ಊರುಗೋಲಿಂದ ವೀಲ್‌ಚೇರ್‌ಗೆ ಬರೋಕೆ ನಾಚಿಕೆ ಬೇಡ. ಭುಜ ಉಳಿಯುತ್ತದೆ.

ತಮಿಳುನಾಡಿನ ದೋಹ್ನಾವೂರಿನಲ್ಲಿ ಮಕ್ಕಳ ಸೇವೆ ಮಾಡುತ್ತಿದ್ದ ಏಮಿ ಕಾರ್ಮೈಕಲ್ 1931ರಲ್ಲಿ ಬಿದ್ದು ಪೆಟ್ಟು ಮಾಡಿಕೊಂಡರು. 1951ರಲ್ಲಿ ತೀರಿಕೊಳ್ಳುವವರೆಗೂ ಹೆಚ್ಚುಕಮ್ಮಿ ಕೋಣೆಯಲ್ಲೇ ಇದ್ದು ಬರೆದರು. ನಮಗೆ ಅಷ್ಟು ಬರೆಯೋಕೆ ಬರದಿದ್ದರೂ ಫೋನ್ ಇದೆ. ಹೋಗಲಾಗದ ಊರುಗಳ ಮನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ: ಯಾರಿಗೆ ಬಿಪಿ, ಯಾರ ಮಗಳಿಗೆ ಹೆರಿಗೆ, ಯಾರ ಮಾಸಾಶನ ನಿಂತಿದೆ ಎಲ್ಲ ಅದರಲ್ಲಿದೆ. ರಾತ್ರಿ ಊಟ ಆದ ಮೇಲೆ ಫೋನ್ ಮಾಡುತ್ತೇನೆ. ಓಡಾಡುವ ಹುಡುಗ ಒಬ್ಬನನ್ನು ಜೊತೆಗೆ ಹಾಕಿಕೊಂಡು ಊರು ಒಂದೊಂದಾಗಿ ಅವನಿಗೆ ಪರಿಚಯ ಮಾಡಿಸಿ, ನೀವು ಇನ್ನೂ ಓಡಾಡುತ್ತಿರುವಾಗಲೇ.